12,34,56,789 ಎಂಬ ಸಂಖ್ಯೆಯನ್ನು ಬಿಡಿಸುವುದು: ಪೆನ್ನು, ಕಾಗದ, ಒಂದು ಸಾದಾ ಕ್ಯಾಲ್ಕುಲೇಟರ್

ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಸಾಲಾಗಿ ಬರೆದರೆ ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷ ಐವತ್ತಾರು ಸಾವಿರದ ಏಳುನೂರ ಎಂಬತ್ತೊಂಬತ್ತು ಆಗುತ್ತದೆ. ಇದಕ್ಕೆ ಎಷ್ಟು ಭಾಜಕಗಳಿವೆ? ಅವುಗಳ ಮೊತ್ತ ಎಷ್ಟು? ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 1ನ್ನು ಇದರಿಂದ ಭಾಗಿಸಿದರೆ ದಶಮಾಂಶ ಎಷ್ಟು ಅಂಕಿಗಳಿಗೊಮ್ಮೆ ಮರುಕಳಿಸುತ್ತದೆ? ಈ ಎಲ್ಲ ಪ್ರಶ್ನೆಗಳಿಗೂ ಬೀಗದ ಕೈ ಒಂದೇ, ಅವಿಭಾಜ್ಯ ಅಪವರ್ತನ. ಅದು ಸಿಕ್ಕಿದರೆ ಉಳಿದದ್ದು ಬರೀ ಗುಣಾಕಾರ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಸಂಖ್ಯೆಯನ್ನು ಒಡೆಯುವುದಕ್ಕೇ ಮೀಸಲು.

ಇದೇ ಸಂಖ್ಯೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಕಣ್ಣು ಮುಚ್ಚಿಕೊಂಡು ಭಾಗಿಸುತ್ತ ಹೋದರೆ ಇದು ಐನೂರಕ್ಕೂ ಹೆಚ್ಚು ಭಾಗಾಕಾರಗಳನ್ನು ಮಾಡಿಸುತ್ತದೆ. ಸರಿಯಾದ ದಾರಿ ಹಿಡಿದರೆ ಒಂದೇ ವರ್ಗಮೂಲದಲ್ಲಿ ಬಿಚ್ಚಿಕೊಳ್ಳುತ್ತದೆ.

ಮೊದಲು ಅಲ್ಪವಿರಾಮಗಳನ್ನು ಅಳಿಸಿ

ನಾವು ಲಕ್ಷ-ಕೋಟಿ ಪದ್ಧತಿಯಲ್ಲಿ 12,34,56,789 ಎಂದು ಬರೆಯುತ್ತೇವೆ. ಓದಲು ಇದು ಅನುಕೂಲ, ಆದರೆ ಭಾಜ್ಯತೆಯ ಪರೀಕ್ಷೆಗಳಿಗೆ ತೊಡಕು. 7, 11, 13, 37ರ ಪರೀಕ್ಷೆಗೆ ಅಂಕಿಗಳನ್ನು ಬಲದಿಂದ ಮೂರು ಮೂರಾಗಿ ಕತ್ತರಿಸಬೇಕು: 123 | 456 | 789. 101ರ ಪರೀಕ್ಷೆಗೆ ಬಲದಿಂದ ಎರಡೆರಡಾಗಿ: 1 | 23 | 45 | 67 | 89. ಅಲ್ಪವಿರಾಮ ಇರುವ ಜಾಗಗಳು ಈ ಎರಡಕ್ಕೂ ಹೊಂದುವುದಿಲ್ಲ. ಅವಸರದಲ್ಲಿ 12, 34, 56 ಎಂದು ಜೋಡಿ ಹಿಡಿದು ತಪ್ಪು ಶೇಷ ತೆಗೆಯುವುದು ಇಲ್ಲಿ ಆಗುವ ಮೊದಲ ಎಡವಟ್ಟು.

ಸಣ್ಣ ಅವಿಭಾಜ್ಯಗಳು: ಒಂದು ಲೆಕ್ಕದಲ್ಲಿ ಮೂರು ಉತ್ತರ

ಕೊನೆಯ ಅಂಕಿ 9, ಆದ್ದರಿಂದ 2 ಮತ್ತು 5 ಹೋಗುವುದಿಲ್ಲ. ಅಂಕಿಗಳ ಮೊತ್ತ 45, ಹಾಗಾಗಿ 9 ಹೋಗುತ್ತದೆ. ಆದರೆ 9ರಿಂದ ಹೋಯಿತು ಎಂದರೆ ಮೂರರ ಕೆಲಸ ಮುಗಿಯಿತು ಎಂದಲ್ಲ. 27ಕ್ಕೆ, 81ಕ್ಕೆ ಅಂಕಿ ಮೊತ್ತದ ನಿಯಮ ನಡೆಯುವುದಿಲ್ಲ, ಭಾಗಿಸಿಯೇ ನೋಡಬೇಕು.

12,34,56,789 ÷ 9 = 1,37,17,421

ಇದರ ಅಂಕಿಗಳ ಮೊತ್ತ 26. ಮೂರರಿಂದ ಹೋಗದು. ಅಲ್ಲಿಗೆ ಮೂರರ ಪಾಲು ಸರಿಯಾಗಿ 3². ಉಳಿದ 1,37,17,421ನ್ನು ಮುಂದೆ 'ಉಳಿಕೆ' ಎಂದು ಕರೆಯೋಣ. ಒಂದು ಅನುಕೂಲವೂ ಆಯಿತು. ಮೂಲ ಸಂಖ್ಯೆಗೆ ಒಂಬತ್ತು ಅಂಕಿ, ಉಳಿಕೆಗೆ ಎಂಟು. ಎಂಟು ಅಂಕಿಯ ಅಗ್ಗದ ಕ್ಯಾಲ್ಕುಲೇಟರಿನಲ್ಲೂ ಹಿಡಿಯುತ್ತದೆ.

ಈಗ 7, 11, 13. ಇವನ್ನು ಬೇರೆಬೇರೆಯಾಗಿ ಭಾಗಿಸಬೇಡಿ. 7 × 11 × 13 = 1001. ಆದ್ದರಿಂದ ಮೂರಂಕಿಯ ತುಂಡುಗಳನ್ನು ಬಲದಿಂದ ಕೂಡಿಸಿ, ಕಳೆದು, ಕೂಡಿಸಿ:

789 − 456 + 123 = 456

ಮೂಲ ಸಂಖ್ಯೆಯನ್ನು 7, 11, 13ರಿಂದ ಭಾಗಿಸಿದರೆ ಬರುವ ಶೇಷವೂ 456ನ್ನು ಭಾಗಿಸಿದರೆ ಬರುವ ಶೇಷವೂ ಒಂದೇ. 456 ಅಂದರೆ 455 + 1, ಮತ್ತು 455 = 5 × 7 × 13. ಆದ್ದರಿಂದ 7ಕ್ಕೂ 13ಕ್ಕೂ ಶೇಷ 1, 11ಕ್ಕೆ ಶೇಷ 5. ಮೂರೂ ಹೋಗುವುದಿಲ್ಲ. ಕಳೆಯುವ ಬದಲು ಎಲ್ಲ ತುಂಡುಗಳನ್ನೂ ಕೂಡಿಸಿದರೆ 999ರ ಪರೀಕ್ಷೆ: 123 + 456 + 789 = 1368; ಮತ್ತೆ 1 + 368 = 369. 999 = 27 × 37 ಆದ್ದರಿಂದ 369ನ್ನು 37ರಿಂದ ಭಾಗಿಸಿ; ಶೇಷ 36. 37 ಕೂಡ ಇಲ್ಲ. 101ಕ್ಕೆ 89 − 67 + 45 − 23 + 1 = 45, ಅದೂ ಇಲ್ಲ.

ನೂರರೊಳಗೆ ಇನ್ನು 17ರಿಂದ 97ರವರೆಗೆ 37 ಬಿಟ್ಟು 18 ಅವಿಭಾಜ್ಯಗಳು ಉಳಿದವು. ಇಲ್ಲೂ ಶ್ರಮ ಉಳಿಸುವ ಉಪಾಯ ಇದೆ. 17 × 19 × 23 × 29 = 2,15,441. ಉಳಿಕೆಯನ್ನು ಒಮ್ಮೆ ಇದರಿಂದ ಭಾಗಿಸಿ. ಭಾಗಲಬ್ಧ 63, ಶೇಷ 1,44,638. ಇನ್ನು ಆ ನಾಲ್ಕನ್ನೂ ಈ ಚಿಕ್ಕ ಶೇಷದ ಮೇಲೆ ಪರೀಕ್ಷಿಸಿದರೆ ಸಾಕು. ಶೇಷಗಳು ಅನುಕ್ರಮವಾಗಿ 2, 10, 14, 15. ಯಾವುದೂ ಸೊನ್ನೆಯಲ್ಲ. ಉಳಿದ ಹದಿನಾಲ್ಕನ್ನೂ ಇದೇ ಬಗೆಯಲ್ಲಿ ಗುಂಪು ಮಾಡಿ ನೋಡಬಹುದು, ಒಂದೂ ಹೋಗುವುದಿಲ್ಲ.

ಕ್ಯಾಲ್ಕುಲೇಟರಿನಲ್ಲಿ ಶೇಷ ತೆಗೆಯುವಾಗ ಒಂದು ಎಚ್ಚರ. ಭಾಗಿಸಿ, ದಶಮಾಂಶ ಭಾಗವನ್ನು ಮತ್ತೆ ಭಾಜಕದಿಂದ ಗುಣಿಸಿದರೆ 39.99999 ಎಂಬಂಥ ಉತ್ತರ ಬರುತ್ತದೆ, ಅದು 39ರೋ 40ರೋ ಎಂಬ ಅನುಮಾನ ಹುಟ್ಟುತ್ತದೆ. ಪೂರ್ಣ ಭಾಗಲಬ್ಧವನ್ನು ಬರೆದಿಟ್ಟುಕೊಂಡು, ಭಾಜಕದಿಂದ ಗುಣಿಸಿ, ಮೂಲದಿಂದ ಕಳೆಯಿರಿ. ಒಂದು ಗುಂಡಿ ಹೆಚ್ಚು ಒತ್ತಬೇಕಾದೀತು, ಅನುಮಾನ ಉಳಿಯದು.

ಇಲ್ಲಿ ನಿಲ್ಲಿಸಿ, ದಾರಿ ಬದಲಿಸಿ

ಉಳಿಕೆಯ ವರ್ಗಮೂಲ ಸುಮಾರು 3703.7. ಹೀಗೇ ಭಾಗಿಸುತ್ತ ಹೋದರೆ ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳನ್ನೂ ನೋಡಬೇಕಾಗಬಹುದು. 500ನೇ ಅವಿಭಾಜ್ಯವೇ 3571. ಯಾರೂ ಕೈಯಲ್ಲಿ ಮಾಡುವ ಕೆಲಸವಲ್ಲ ಅದು.

ಇನ್ನೊಂದು ದಾರಿ ವರ್ಗಗಳ ವ್ಯತ್ಯಾಸದ್ದು. ಯುರೋಪಿನಲ್ಲಿ ಇದಕ್ಕೆ ಫ್ರೆಂಚ್ ಗಣಿತಜ್ಞ ಫರ್ಮಾನ ಹೆಸರಿದೆ; 1643ರ ಸುಮಾರಿನ ಪತ್ರವೊಂದರಲ್ಲಿ ಅವನು ಇದನ್ನು ಬರೆದಿದ್ದ. ಆದರೆ ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ, 1356ರಲ್ಲಿ, ನಾರಾಯಣ ಪಂಡಿತ ತನ್ನ 'ಗಣಿತ ಕೌಮುದಿ'ಯಲ್ಲಿ ಇದೇ ತಿರುಳಿನ ವಿಧಾನ ಕೊಟ್ಟಿದ್ದಾನೆ.

ತಿರುಳು ಇಷ್ಟು. ಒಂದು ಬೆಸ ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಆ ಎರಡರ ಸರಾಸರಿಯನ್ನು 'ಕ' ಎನ್ನಿ, ವ್ಯತ್ಯಾಸದ ಅರ್ಧವನ್ನು 'ಚ' ಎನ್ನಿ. ಆಗ ಅಪವರ್ತನಗಳು ಕ − ಚ ಮತ್ತು ಕ + ಚ. ಸಂಖ್ಯೆ ಕ² − ಚ². ಆದ್ದರಿಂದ ವರ್ಗಮೂಲಕ್ಕಿಂತ ಸ್ವಲ್ಪ ಮೇಲಿನಿಂದ ಶುರುಮಾಡಿ ಕ-ಗೆ ಒಂದೊಂದೇ ಬೆಲೆ ಕೊಡುತ್ತ ಹೋಗಿ. ಕ²ದಿಂದ ಸಂಖ್ಯೆಯನ್ನು ಕಳೆದಾಗ ಪೂರ್ಣವರ್ಗ ಉಳಿದರೆ ಕೆಲಸ ಮುಗಿದಂತೆ.

ಶುರುಮಾಡುವ ಮೊದಲು ಜರಡಿ ಹಿಡಿಯಿರಿ. ಬಹಳಷ್ಟು ಮಂದಿ ಬಿಟ್ಟುಬಿಡುವ ಹಂತ ಇದೇ. ಯಾವ ವರ್ಗವನ್ನಾದರೂ 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ನಮ್ಮ ಉಳಿಕೆಯ ಕೊನೆಯ ಎರಡಂಕಿ 21, ಆದ್ದರಿಂದ 4ಕ್ಕೆ ಶೇಷ 1. ಎರಡು ವರ್ಗಗಳ ವ್ಯತ್ಯಾಸ 1 ಆಗಬೇಕಾದರೆ ಮೊದಲನೆಯದು 1, ಎರಡನೆಯದು 0 ಆಗಿರಲೇಬೇಕು. ಅಂದರೆ ಕ ಬೆಸ. ಹಾಗೆಯೇ 3ರಿಂದ ಭಾಗಿಸಿದಾಗಲೂ ವರ್ಗಗಳ ಶೇಷ 0 ಅಥವಾ 1. ಉಳಿಕೆಯ ಅಂಕಿ ಮೊತ್ತ 26, ಶೇಷ 2. ಅದು 0 − 1ರಿಂದ ಮಾತ್ರ ಬರಲು ಸಾಧ್ಯ. ಅಂದರೆ ಕ ಮೂರರ ಗುಣಕ. ಎರಡನ್ನೂ ಸೇರಿಸಿದರೆ ಕ ಎಂಬುದು ಮೂರರ ಬೆಸ ಗುಣಕ; ಆರಾರಕ್ಕೆ ಒಂದು ಮಾತ್ರ ನೋಡಿದರೆ ಸಾಕು.

3703.7ಕ್ಕಿಂತ ದೊಡ್ಡದಾದ, ಮೂರರ ಮೊದಲ ಬೆಸ ಗುಣಕ 3705.

3705² = 1,37,27,025
1,37,27,025 − 1,37,17,421 = 9604 = 98²

ಮೊದಲ ಹೊಡೆತಕ್ಕೇ ಬಿತ್ತು. 3705 − 98 = 3607, 3705 + 98 = 3803.

12,34,56,789 = 3² × 3607 × 3803

ಇಷ್ಟು ಬೇಗ ಸಿಕ್ಕಿದ್ದು ಎರಡು ಅಪವರ್ತನಗಳೂ ಅಕ್ಕಪಕ್ಕದಲ್ಲಿ ಇದ್ದದ್ದರಿಂದ. ಭಾಗಾಕಾರದ ದಾರಿಯಲ್ಲಿ 3607 ಸಿಗುತ್ತಿದ್ದದ್ದು 504ನೇ ಅವಿಭಾಜ್ಯವಾಗಿ. ಎಲ್ಲ ಸಂಖ್ಯೆಯೂ ಇಷ್ಟು ಉದಾರಿಯಲ್ಲ. ಫರ್ಮಾನ ಸ್ವಂತ ಉದಾಹರಣೆ 2027651281ಕ್ಕೆ ಒಂದೊಂದೇ ಬೆಲೆ ಏರಿಸುತ್ತ ಹೋದರೆ 45030ರಿಂದ 45041ರವರೆಗೆ ಹನ್ನೆರಡು ಪ್ರಯತ್ನ ಬೇಕು. ಮೇಲಿನ ಜರಡಿ ಹಿಡಿದರೆ (ಅಲ್ಲಿ ಕ ಬೆಸ, ಆದರೆ ಮೂರರ ಗುಣಕ ಅಲ್ಲ) ನಾಲ್ಕೇ: 45031, 45035, 45037, 45041. ಕೊನೆಯದರಲ್ಲಿ 1020² ಸಿಕ್ಕಿ 44021 × 46061 ಆಗುತ್ತದೆ.

ಎಷ್ಟು ಪ್ರಯತ್ನದ ನಂತರ ಕೈಬಿಡಬೇಕು?

ನಮ್ಮ ಸಲಹೆ ಇದು: ನೂರರವರೆಗೆ ಭಾಗಾಕಾರ, ಆಮೇಲೆ ಜರಡಿ ಹಿಡಿದು ಸುಮಾರು ಮೂವತ್ತು ಪ್ರಯತ್ನ ವರ್ಗಗಳ ವ್ಯತ್ಯಾಸ, ಅದೂ ಆಗದಿದ್ದರೆ ಮತ್ತೆ ಭಾಗಾಕಾರ. ಮೂವತ್ತು ಪ್ರಯತ್ನ ವಿಫಲವಾದರೂ ನಷ್ಟವಿಲ್ಲ. ಇದೇ ಉಳಿಕೆಯ ಗಾತ್ರಕ್ಕೆ 3705, 3711, … ಎಂದು ಮೂವತ್ತನೆಯದಾದ 3879ರವರೆಗೆ ನೋಡಿದರೆ, 2727ರಿಂದ 3703ರವರೆಗೆ ಯಾವ ಅಪವರ್ತನ ಇದ್ದರೂ ಅಷ್ಟರಲ್ಲಿ ಸಿಕ್ಕಿಬಿದ್ದಿರುತ್ತದೆ. ಆ ಅಂತರದಲ್ಲಿ 120 ಅವಿಭಾಜ್ಯಗಳಿವೆ. ಮೂವತ್ತು ವರ್ಗಗಳ ಬೆಲೆಗೆ 120 ಭಾಗಾಕಾರ ಉಳಿದಂತೆ.

ಈ ದಾರಿ ಪೂರ್ತಿ ಕೈಕೊಡುವುದು ಅಪವರ್ತನಗಳು ದೂರದೂರ ಇದ್ದಾಗ. ಅದಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ, ನಮ್ಮ ಸಂಖ್ಯೆಯನ್ನೇ ತಿರುಗಿಸಿ ಬರೆಯಿರಿ: 98,76,54,321. ಒಂಬತ್ತನ್ನು ತೆಗೆದರೆ 10,97,39,369 ಉಳಿಯುತ್ತದೆ. ಅದರ ವರ್ಗಮೂಲ ಸುಮಾರು 10,476. ಅದರ ಅಪವರ್ತನ 17² × 3,79,721. ಇಲ್ಲಿ ಹತ್ತಿರದ ಜೋಡಿಯೇ 289 ಮತ್ತು 3,79,721, ಸರಾಸರಿ 1,90,005. ಜರಡಿಯಿಲ್ಲದೆ ಹೊರಟರೆ ಸುಮಾರು 1,79,500 ಪ್ರಯತ್ನ. ಆದರೆ ಭಾಗಾಕಾರದಲ್ಲಿ 17 ಏಳನೆಯ ಅವಿಭಾಜ್ಯ, ಎರಡು ನಿಮಿಷದ ಕೆಲಸ. ಭಾಗಾಕಾರ ಮೊದಲು ಎಂಬ ಕ್ರಮ ಇರುವುದು ಇದಕ್ಕೇ.

ಈ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನಂತೂ ಅಪವರ್ತನವಿಲ್ಲದೆಯೇ ಹೇಳಬಹುದು. 98,76,54,321 = 8 × 12,34,56,789 + 9. ಶೇಷ 9; ಅದು ಚಿಕ್ಕ ಸಂಖ್ಯೆಯನ್ನು ಪೂರ್ತಿ ಭಾಗಿಸುತ್ತದೆ. ಮ.ಸಾ.ಅ. 9.

ವರ್ಗಗಳ ವ್ಯತ್ಯಾಸಕ್ಕೆ ಇಳಿಯುವ ಮುಂಚೆ ಸಂಖ್ಯೆಯೇ ಪೂರ್ಣವರ್ಗವೋ ಎಂದೂ ನೋಡಿಕೊಳ್ಳಿ. ಮರೆತರೆ ನಗೆಪಾಟಲು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಎರಡೂ ಕಡೆಯಿಂದ ಒಂದೇ ತೆರನಾಗಿ ಕಾಣುವ ಗುಣಲಬ್ಧಗಳನ್ನು ಪೋಣಿಸಿದ್ದಾನೆ. ಅವುಗಳಲ್ಲೊಂದು 27994681 × 441 = 12345654321. ಅಪವರ್ತನ ಕೇಳಿದರೆ ಭಯ ಹುಟ್ಟಿಸುವ ಹನ್ನೊಂದು ಅಂಕಿ. ವರ್ಗಮೂಲ ತೆಗೆದರೆ ಸರಿಯಾಗಿ 1,11,111, ಅದು 3 × 7 × 11 × 13 × 37. 441 ಅಂದರೆ 21², ಇನ್ನೊಂದು 5291². ಕಗ್ಗಂಟಿನಂತೆ ಕಂಡದ್ದು ಸಣ್ಣ ಮಗ್ಗಿಗೇ ಬಿಚ್ಚಿಕೊಂಡಿತು.

3607 ಮತ್ತು 3803 ನಿಜವಾಗಿಯೂ ಅವಿಭಾಜ್ಯವೇ?

ಇಲ್ಲಿ ನಂಬಿಕೆ ಸಾಲದು. 3607ರ ವರ್ಗಮೂಲ 60ಕ್ಕಿಂತ ಕೂದಲೆಳೆ ಹೆಚ್ಚು, ಆದ್ದರಿಂದ 59ರವರೆಗೆ ನೋಡಬೇಕು. 3803ಕ್ಕೆ 61ರವರೆಗೆ (61² = 3721). 61 ಬಿಟ್ಟುಹೋಗುವುದು ಸಾಮಾನ್ಯ ತಪ್ಪು. ಹೋಲಿಸಿ ನೋಡಲು ಶೇಷಗಳು ಇಲ್ಲಿವೆ.

7, 11, 13, 17, 19, 23, 29, 31, 37, 41, 43, 47, 53, 59 ಎಂಬ ಕ್ರಮದಲ್ಲಿ,
3607ಕ್ಕೆ: 2, 10, 6, 3, 16, 19, 11, 11, 18, 40, 38, 35, 3, 8
3803ಕ್ಕೆ: 2, 8, 7, 12, 3, 8, 4, 21, 29, 31, 19, 43, 40, 27, 61ಕ್ಕೆ 21

ಸೊನ್ನೆ ಎಲ್ಲೂ ಇಲ್ಲ. ಇನ್ನು ಗುಣಾಕಾರದ ತಾಳೆ. ಒಂಬತ್ತರ ತಾಳೆಯಲ್ಲಿ 3607 → 7, 3803 → 5. 35 → 8. ಉಳಿಕೆ 26 → 8. ಸರಿಯಿದೆ. ಆದರೆ ಎರಡು ಅಂಕಿ ಅದಲುಬದಲಾಗಿದ್ದರೆ ಒಂಬತ್ತರ ತಾಳೆ ಹಿಡಿಯದು. ಹನ್ನೊಂದರ ತಾಳೆಯನ್ನೂ ಮಾಡಿ: 10 × 8 = 80, ಶೇಷ 3; ಉಳಿಕೆಯನ್ನು 11ರಿಂದ ಭಾಗಿಸಿದರೂ ಶೇಷ 3.

ಅಪವರ್ತನದಿಂದ ಉದುರುವ ಗುಣಗಳು

ಭಾಜಕಗಳ ಎಣಿಕೆಗೆ ಪ್ರತಿ ಘಾತಕ್ಕೂ ಒಂದು ಸೇರಿಸಿ ಗುಣಿಸಿ: 3 × 2 × 2 = 12. ಪಟ್ಟಿ ಹೀಗಿದೆ: 1, 3, 9, 3607, 3803, 10,821, 11,409, 32,463, 34,227, 1,37,17,421, 4,11,52,263, 12,34,56,789.

ಭಾಜಕಗಳ ಮೊತ್ತಕ್ಕೆ (1 + 3 + 9) × 3608 × 3804 = 17,84,22,816. ಮೊದಲ ಆವರಣದಲ್ಲಿ 13ರ ಬದಲು (1 + 3)² = 16 ಹಾಕುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. 3 ಎರಡು ಸಲ ಬಂದದ್ದು ಒಂದೇ ಅವಿಭಾಜ್ಯದ ಘಾತ. ಎರಡು ಬೇರೆ ಅವಿಭಾಜ್ಯಗಳಲ್ಲ. ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ 5,49,66,027. ಈ ಮೊತ್ತ ಸಂಖ್ಯೆಗಿಂತ ಕಡಿಮೆ ಇದ್ದರೆ ಅದನ್ನು ನ್ಯೂನ ಸಂಖ್ಯೆ ಎನ್ನುತ್ತಾರೆ; ಇಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆ.

ಇದಕ್ಕಿಂತ ಚಿಕ್ಕದಾಗಿ, ಇದರೊಡನೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳೆಷ್ಟು ಎಂಬುದು ಆಯ್ಲರನ ಫೈ. 6 × 3606 × 3802 = 8,22,60,072. ಇಲ್ಲಿ 9ಕ್ಕೆ 6 ಬರಬೇಕು (9 − 3), 2 × 2 ಅಲ್ಲ. ತಕ್ಷಣದ ತಾಳೆಗೆ ಒಂದು ದಾರಿ: ದೊಡ್ಡ ಅವಿಭಾಜ್ಯಗಳು ಅನುಪಾತವನ್ನು ಹೆಚ್ಚು ಕದಲಿಸುವುದಿಲ್ಲ. ಆದ್ದರಿಂದ ಫೈ ಸಂಖ್ಯೆಯ ಮೂರನೇ ಎರಡು ಪಾಲಿನ ಹತ್ತಿರ, ಭಾಜಕಗಳ ಮೊತ್ತ ಸಂಖ್ಯೆಯ 13/9 ಪಾಲಿನ ಹತ್ತಿರ ಇರಬೇಕು. ಎರಡೂ ಇವೆ.

ಎರಡು ವರ್ಗಗಳ ಮೊತ್ತ? ಇಲ್ಲೊಂದು ಬಲೆ ಇದೆ. ಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಸಾಧ್ಯ ಎನಿಸುತ್ತದೆ. ಆದರೆ ನಿಯಮ ಇರುವುದು ಒಂದೊಂದು ಅವಿಭಾಜ್ಯಕ್ಕೆ: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯ ಬೆಸ ಘಾತದಲ್ಲಿ ಇರಕೂಡದು. 3607, 3803 ಎರಡಕ್ಕೂ ಶೇಷ 3, ಎರಡೂ ಒಂದನೇ ಘಾತ. ಎರಡು ಮೂರುಗಳು ಗುಣಿಸಿ 9 ಆಗಿ ಶೇಷ 1ರ ವೇಷ ಹಾಕಿಕೊಂಡಿವೆ, ಅಷ್ಟೆ. ಎರಡು ವರ್ಗಗಳ ಮೊತ್ತ ಸಾಧ್ಯವಿಲ್ಲ. ಮೂರು ವರ್ಗಗಳದ್ದು ಸಾಧ್ಯ. 8ರಿಂದ ಭಾಗಿಸಿದರೆ ಶೇಷ 5, ಲೆಜೆಂಡ್ರನ ನಿಯಮದ ಅಡ್ಡಿಯಿಲ್ಲ; ಬೆಸ ಸಂಖ್ಯೆಗೆ ಅಡ್ಡಿ ಬರುವುದು ಆ ಶೇಷ 7 ಆದಾಗ ಮಾತ್ರ.

ವರ್ಗಗಳ ವ್ಯತ್ಯಾಸವಾಗಿ ಆರು ಬಗೆಯಲ್ಲಿ ಬರೆಯಬಹುದು, ಏಕೆಂದರೆ ಹನ್ನೆರಡು ಭಾಜಕಗಳು ಆರು ಜೋಡಿ. ಹತ್ತಿರದ ಜೋಡಿ 10,821 ಮತ್ತು 11,409. ಅದು ಕೊಡುವುದು 11,115² − 294².

1ನ್ನು ಇದರಿಂದ ಭಾಗಿಸಿದರೆ

ಸಂಖ್ಯೆಯನ್ನು 81ರಿಂದ ಗುಣಿಸಿ: 9999999909. ಅಂದರೆ ಸಾವಿರ ಕೋಟಿಗೆ 91 ಕಡಿಮೆ. ಈ ಒಂದು ಸಾಲಿನಿಂದ 1/12,34,56,789ರ ದಶಮಾಂಶವನ್ನು ಭಾಗಾಕಾರವಿಲ್ಲದೆ ಬರೆಯಬಹುದು. ಬಿಂದುವಿನ ನಂತರ ಹತ್ತು ಹತ್ತು ಅಂಕಿಯ ತುಂಡುಗಳು. ಮೊದಲನೆಯದು 81, ಮುಂದಿನದು ಪ್ರತಿ ಸಲ 91 ಪಟ್ಟು:

0.0000000081 0000007371 0000670761 0061039251 …

ಐದನೇ ತುಂಡು 5554571841. ಆರನೆಯದು ಹತ್ತು ಅಂಕಿ ಮೀರಿ 505466037531 ಆಗುತ್ತದೆ, ಹೆಚ್ಚಾದ 50 ಹಿಂದಿನ ತುಂಡಿಗೆ ಸೇರಿ ಅದು 5554571891 ಆಗುತ್ತದೆ. ಅಲ್ಲಿಂದ ಮುಂದೆ ಪ್ರತಿ ತುಂಡಿಗೂ ಈ ಜಮೆ ಇದ್ದದ್ದೇ.

ಇದು ಯಾವಾಗ ಮರುಕಳಿಸುತ್ತದೆ? 10ರ ಎಷ್ಟನೇ ಘಾತವನ್ನು 3607ರಿಂದ ಭಾಗಿಸಿದರೆ ಮೊದಲ ಬಾರಿಗೆ ಶೇಷ 1 ಬರುತ್ತದೆ, 3803ರಿಂದ ಎಷ್ಟನೆಯದು ಎಂದು ನೋಡಿ, ಎರಡರ ಲ.ಸಾ.ಅ. ತೆಗೆಯಬೇಕು. 9ರ ಪಾಲು ಏನೂ ಇಲ್ಲ. 10ರ ಯಾವ ಘಾತವನ್ನು 9ರಿಂದ ಭಾಗಿಸಿದರೂ ಶೇಷ 1.

3803ರಲ್ಲಿ ಉತ್ತರ 3802ರ ಭಾಜಕವಾಗಿರಬೇಕು; 3802 = 2 × 1901, ಮತ್ತು 1901 ಅವಿಭಾಜ್ಯ. ಯಾವುದಾದರೂ ವರ್ಗವನ್ನು ಒಂದು ಅವಿಭಾಜ್ಯದಿಂದ ಭಾಗಿಸಿದಾಗ ಬರುವ ಶೇಷಕ್ಕೆ ವರ್ಗಶೇಷ ಎನ್ನುತ್ತಾರೆ. ಅದರ ನಿಯಮದ ಪ್ರಕಾರ 2, 5 ಎರಡೂ ಇಲ್ಲಿ ವರ್ಗಶೇಷಗಳಲ್ಲ, ಹಾಗಾಗಿ ಅವುಗಳ ಗುಣಲಬ್ಧ 10 ವರ್ಗಶೇಷ. ಹಾಗಿದ್ದಾಗ 3802ರ ಅರ್ಧದಷ್ಟು ಘಾತಕ್ಕೇ ಶೇಷ 1 ಬಂದುಬಿಡುತ್ತದೆ. ಉತ್ತರ 1901.

3607ರಲ್ಲಿ 3606 = 2 × 3 × 601. ಇಲ್ಲಿ 2 ವರ್ಗಶೇಷ, 5 ಅಲ್ಲ. ಆದ್ದರಿಂದ 10 ವರ್ಗಶೇಷವಲ್ಲ, ಉತ್ತರ ಸಮಸಂಖ್ಯೆ. 2, 6 ಆಗಲಾರವು, ಏಕೆಂದರೆ 99ನ್ನಾಗಲಿ 9,99,999ನ್ನಾಗಲಿ 3607 ಭಾಗಿಸುವುದಿಲ್ಲ. ಉಳಿದದ್ದು 1202 ಅಥವಾ 3606. ಇದನ್ನು ತೀರ್ಮಾನಿಸಲು 10ರ 1202ನೇ ಘಾತದ ಶೇಷ ಬೇಕು. ಘಾತವನ್ನು 1, 2, 4, 9, 18, 37, 75, 150, 300, 601, 1202 ಎಂದು ದ್ವಿಗುಣಿಸುತ್ತ ಏರಿಸಿ. ಬೆಸ ಬಂದಲ್ಲಿ ಒಮ್ಮೆ ಹತ್ತರಿಂದ ಗುಣಿಸಿ. ಪ್ರತಿ ಹೆಜ್ಜೆಯಲ್ಲೂ 3607ರ ಶೇಷಕ್ಕೆ ಇಳಿಸಿಕೊಳ್ಳಿ. ಶೇಷ 1803 ಮೀರಿದರೆ 3607 ಕಳೆದು ಋಣವಾಗಿ ಇಟ್ಟುಕೊಳ್ಳಿ, ವರ್ಗ ಮಾಡುವಾಗ ಅಂಕಿಗಳು ಚಿಕ್ಕದಾಗಿರುತ್ತವೆ. 9ನೇ ಘಾತಕ್ಕೆ −1073, 37ಕ್ಕೆ −41, 75ಕ್ಕೆ −1225, 150ಕ್ಕೆ 113, 300ಕ್ಕೆ −1659, 601ಕ್ಕೆ 1400, 1202ಕ್ಕೆ 1399.

1 ಬರಲಿಲ್ಲ, ಆದ್ದರಿಂದ ಉತ್ತರ 3606. ಹನ್ನೊಂದು ಹಂತಗಳಲ್ಲಿ ಎಲ್ಲೋ ಒಂದು ಅಂಕಿ ಜಾರಿದ್ದರೆ? ಅದಕ್ಕೂ ತಾಳೆ ಇದೆ. 1399 ನಿಜವಾಗಿ 10ರ 1202ನೇ ಘಾತದ ಶೇಷವಾಗಿದ್ದರೆ ಅದನ್ನು ಘನ ಮಾಡಿದಾಗ ಶೇಷ 1 ಬರಬೇಕು, ಏಕೆಂದರೆ 3 × 1202 = 3606. 1399³ − 1 = (1399 − 1) × (1399² + 1399 + 1), ಮತ್ತು 1399 − 1ನ್ನು 3607 ಭಾಗಿಸದ್ದರಿಂದ 1399² + 1399 + 1 ಎಂಬುದನ್ನು 3607 ಭಾಗಿಸಬೇಕು. 1399 × 1400 + 1 = 19,58,601 = 3607 × 543. ಶೇಷವಿಲ್ಲದೆ ಹೋಯಿತು.

3606 ಮತ್ತು 1901ಕ್ಕೆ ಸಾಮಾನ್ಯ ಅಪವರ್ತನವಿಲ್ಲ, ಲ.ಸಾ.ಅ. ಅವುಗಳ ಗುಣಲಬ್ಧವೇ. ಮೇಲೆ 0.0000000081 ಎಂದು ಶುರುವಾದ ದಶಮಾಂಶ ಮತ್ತೆ ಅದೇ ಸಾಲಿಗೆ ಮರಳುವುದು 68,55,006 ಅಂಕಿಗಳಾದ ಮೇಲೆ.